ಯೋಗಾನಂದನ ಭಾನುವಾರಗಳು

"ವೈನ್ ಇಲ್ದೆ ಅದು ಏಳೋದೇ ಇಲ್ಲ ಮೇಡಂ," ಎಂದು ಗಂಡ ಯೋಗಾನಂದ ನಡುಮನೆಯಲ್ಲಿ ಫೋನಿಗೆ ಹೇಳಿದ್ದು ಗಂಗಾಮಣಿಗೆ ಅಡುಗೆಮನೆಯಲ್ಲಿ ಕೇಳಿಸಿತು. ಒಗ್ಗರಣೆಗೆ ಹಾಕಿದ್ದ ಸಾಸಿವೆ ಸಿಡಿಯುತ್ತಿತ್ತು. ಅವಳು ಒಲೆ ಆರಿಸಿ ಗೋಡೆಯ ಪಕ್ಕಕ್ಕೆ ಬಂದು ನಿಂತಳು.

"ಮೊದ್ಲು ಬಾಟಲ್‌ಗೆ ಹಾಕಿ ನೋಡಿ. ನಂದು ಹೋದ ತಿಂಗ್ಳವರೆಗೂ ಗೋಲ್ಡ್ ಇತ್ತು, ಈಗ ಪ್ಲಾಟಿನಂ ಆಗ್ಬುಟ್ಟೈತೆ. ಭಾನುವಾರ ಎಲ್ರೂ ಸೇರ್ತೀವಲ್ಲ, ಅಲ್ಲೇ ನೋಡಣ. ಅದೇ, ಸ್ಟೇಷನ್ ರೋಡು, ಗೊಬ್ಬರದಂಗಡಿ ಮೇಲೆ."

ಆ ಕಡೆಯಿಂದ ಹೆಂಗಸಿನ ನಗು ಸಣ್ಣಗೆ ಕೇಳಿಸಿತು. ಯೋಗಾನಂದನೂ ನಕ್ಕ.

ವೈನು, ಬಾಟಲಿ, ಚಿನ್ನ, ಮೇಲೆ ಒಬ್ಬಳು ಹೆಂಗಸು. ಗಂಗಾಮಣಿ ತಿರುಗಿ ಬಂದು ಸಾರಿಗೆ ಉಪ್ಪು ಹಾಕಿದಳು. ಊಟಕ್ಕೆ ಕೂತಾಗ ಗೊತ್ತಾಯಿತು, ಎರಡು ಸಲ ಹಾಕಿದ್ದಳು.

ಕೆ. ಹೊಸಕೋಟೆ ಕಡೆಯ ಒಂದು ಎಸ್ಟೇಟಿನಲ್ಲಿ ಯೋಗಾನಂದ ಆಳುಗಳ ಲೆಕ್ಕ ಬರೆಯುವ ರೈಟರು. ಆರು ವರ್ಷದ ಹಿಂದೆ ಕುಡಿದು ಜೀಪು ಓಡಿಸಿ ಚರಂಡಿಗೆ ಉರುಳಿಸಿದ್ದ. ಹಿಂದೆ ಕೂತಿದ್ದ, ಕೂಲಿಯವರ ಲೈನಿನ ಚಿನ್ನಮ್ಮನ ಕಾಲು ಮುರಿಯಿತು. ಆ ಸಂಜೆ ಅವನು ನಗುನಗುತ್ತಲೇ ಮನೆಗೆ ಬಂದಿದ್ದ. ತಡ ಯಾಕೆ ಅಂದರೆ ಟೈರು ಪಂಚರ್ ಎಂದ. ಗಂಗಾಮಣಿ ನಂಬಿ ರೊಟ್ಟಿ ತಟ್ಟಿ ಕೊಟ್ಟಳು. ಚಿನ್ನಮ್ಮ ಆಸ್ಪತ್ರೆಯಲ್ಲಿ ಬಿದ್ದಿದ್ದಾಳೆ ಎಂಬ ಸುದ್ದಿ ಬೆಳಿಗ್ಗೆ ನೀರಿನ ನಲ್ಲಿಯ ಹತ್ತಿರ ಬೇರೆಯವರ ಬಾಯಿಂದ ಅವಳಿಗೆ ತಿಳಿಯಿತು. ಯೋಗಾನಂದ ಅಲ್ಲಿಂದಾಚೆ ಒಂದು ಹನಿ ಮುಟ್ಟಲಿಲ್ಲ. ಧಣಿಗಳು ಮರೆತರು, ಊರು ಮರೆಯಿತು. ಕುಂಟುತ್ತಲೇ ಓಡಾಡುವ ಚಿನ್ನಮ್ಮ ಕೂಡ ಅವನನ್ನು ಕಂಡರೆ ಮಾತಾಡಿಸುತ್ತಿದ್ದಳು. ಗಂಗಾಮಣಿ ಮಾತ್ರ ಒಗೆಯುವ ಮುಂಚೆ ಅವನ ಅಂಗಿ ಮೂಸುತ್ತಿದ್ದಳು, ಅವನು ಕುಡಿದಿಟ್ಟ ಲೋಟ ಮೂಸುತ್ತಿದ್ದಳು.

ಮನೆಯಲ್ಲಿದ್ದ ಕಂಪ್ಯೂಟರು ಮೊದಲು ಎಸ್ಟೇಟಿನ ಆಫೀಸಿನದು. ಹೊಸ ವಿಂಡೋಸ್ ಇದಕ್ಕೆ ಹಿಡಿಸುವುದಿಲ್ಲ, ಹಳೆಯದಕ್ಕೆ ಇನ್ನು ಕಂಪನಿಯ ರಕ್ಷಣೆ ಇಲ್ಲ ಎಂದು ಧಣಿಗಳು ಬೇರೆ ತಂದಾಗ ಇದು ಮನೆಗೆ ಬಂತು. ಒಂದು ದಿನ ನೋಡಿದರೆ ಅದರ ಪರದೆಯ ಚೆಹರೆಯೇ ಬದಲಾಗಿತ್ತು.

"ಇದೇನಿದು?"

"ಲಿನಕ್ಸ್ ಅಂತ. ಹಳೇ ಮಿಷನ್ನಲ್ಲೂ ಗೇಮು ಚೆನ್ನಾಗಿ ಓಡ್ತವೆ. ಪುಕ್ಕಟೆ."

"ಪುಕ್ಕಟೆ ಯಾರು ಕೊಡ್ತಾರೆ?"

"ಯಾರ್ಯಾರೋ ಸೇರ್ಕಂಡು ಮಾಡಿರೋದು ಕಣೆ. ಲೋಕದ ತುಂಬ ಅವ್ರೆ."

ಈ ಉತ್ತರ ಅವಳಿಗೆ ಒಪ್ಪಿಗೆಯಾಗಲಿಲ್ಲ. ಯಾರು ಎಂದರೆ ಯಾರ್ಯಾರೋ ಎನ್ನುವುದು ಅವನ ಹಳೆಯ ಅಭ್ಯಾಸ. ಹಿಂದೆ ಯಾರ ಜೊತೆ ಕುಡಿದಿರಿ ಎಂದರೂ ಹೀಗೇ ಹೇಳುತ್ತಿದ್ದ. ಕೆಲಸ ಮುಗಿಸಿ ಬಂದು ಅವನು ಕೆಸರುದಾರಿಯಲ್ಲಿ ಲಾರಿ ಓಡಿಸುವ ಆಟ ಆಡುವುದನ್ನು ಅವಳು ನೋಡಿದ್ದಳು. ಆಟಕ್ಕೆ ಇಷ್ಟು ಫೋನು ಯಾಕೆ, ಭಾನುವಾರ ಇಸ್ತ್ರಿ ಅಂಗಿ ಯಾಕೆ, ಸಕಲೇಶಪುರದಿಂದ ಬರುವಾಗ ಅಷ್ಟೊಂದು ಗೆಲುವು ಯಾಕೆ? ಎಲ್ಲಕ್ಕಿಂತ ಆ ಗೆಲುವಿಗೇ ಅವಳು ಹೆದರಿದಳು.

ಭಾನುವಾರ ಅವನು ಹೊರಟ ಮೇಲೆ ಅವಳು ಸೀರೆ ಬದಲಾಯಿಸಿ ಸಕಲೇಶಪುರದ ಮುಂದಿನ ಬಸ್ಸು ಹತ್ತಿದಳು.

ಗೊಬ್ಬರದ ಅಂಗಡಿ ಮುಚ್ಚಿತ್ತು. ಪಕ್ಕದ ಮೆಟ್ಟಿಲ ಬುಡದಲ್ಲಿ ಚಪ್ಪಲಿಗಳ ರಾಶಿ. ಮೇಲಿಂದ ಗಂಡಸರ ಗದ್ದಲದ ನಡುವೆ ಅವನದೇ ಧ್ವನಿ ಕೇಳಿಸಿತು. "ಹಾಕು, ಇನ್ನೊಂಚೂರು ಹಾಕು." ಗಂಗಾಮಣಿ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು.

ಉದ್ದನೆಯ ಕೋಣೆ. ಮೇಜುಗಳ ಮೇಲೆ ಕಂಪ್ಯೂಟರು, ವೈರು, ಸ್ಟೀಲ್ ಲೋಟ. ಹತ್ತು ಹನ್ನೆರಡು ಜನರಲ್ಲಿ ಮೂವರು ಹೆಂಗಸರು. ಅವಳು ಯಾರ ಮುಖವನ್ನೂ ನೋಡದೆ ನೇರವಾಗಿ ಯೋಗಾನಂದನ ಮೇಜಿಗೆ ಹೋಗಿ ಲೋಟ ಎತ್ತಿ ಮೂಸಿದಳು. ಕಾಫಿ. ಪಕ್ಕದ ಮುದುಕನ ಲೋಟವನ್ನೂ ಎತ್ತಿದಳು. ಅದೂ ಕಾಫಿಯೇ. ಪರದೆಯ ಮೇಲೆ ಒಂದು ಲಾರಿ ಮಾತ್ರ ಕೆಸರಿನಲ್ಲಿ ಗುರುಗುಟ್ಟುತ್ತಿತ್ತು.

"ಯಾರು ಬೇಕಿತ್ತು?" ಎಂದು ಕನ್ನಡಕದ ಹೆಂಗಸೊಬ್ಬಳು ಕೇಳಿದಳು. ಫೋನಿನಲ್ಲಿ ನಕ್ಕ ಧ್ವನಿ ಇದೇ ಎಂದು ಗಂಗಾಮಣಿಗೆ ಗೊತ್ತಾಯಿತು.

"ನಮ್ಮನೆಯವ್ರು," ಎಂದ ಯೋಗಾನಂದ. ಅವನ ಕೈ ಕೀಬೋರ್ಡಿನ ಮೇಲೇ ಇತ್ತು.

"ವೈನ್ ಎಲ್ಲೈತೆ?"

ಮೂಲೆಯಲ್ಲಿ ಯಾರೋ ನಕ್ಕರು. ಯೋಗಾನಂದನ ಮುಖ ಕಂಡು ನಿಲ್ಲಿಸಿದರು.

ಕನ್ನಡಕದವಳ ಹೆಸರು ಶ್ವೇತಾ, ಕಾಲೇಜಿನಲ್ಲಿ ಪಾಠ ಹೇಳುವವಳು. ಅವಳು ನಗಲಿಲ್ಲ. ಕುರ್ಚಿ ಎಳೆದು ಕೊಟ್ಟಳು. "ಅಕ್ಕ, ವೈನ್ ಅನ್ನೋದು ಒಂದು ಸಾಫ್ಟ್‌ವೇರ್ ಹೆಸ್ರು. ಈ ಆಟಗಳೆಲ್ಲ ವಿಂಡೋಸ್‌ಗೆ ಅಂತ ಮಾಡಿರೋವು. ಲಿನಕ್ಸಲ್ಲಿ ಓಡ್ಬೇಕು ಅಂದ್ರೆ ನಡುವೆ ಅದು ಇರ್ಬೇಕು. ಬಾಟಲ್ಸ್ ಅನ್ನೋದೂ ಅಂಥದ್ದೇ ಇನ್ನೊಂದು. ಚೆನ್ನಾಗಿ ಓಡಿದ್ರೆ ಗೋಲ್ಡು, ಏನೂ ತೊಂದ್ರೆ ಇಲ್ದೆ ಓಡಿದ್ರೆ ಪ್ಲಾಟಿನಂ ಅಂತ ಬರೀತೀವಿ, ಬೇರೆಯವ್ರಿಗೆ ಗೊತ್ತಾಗ್ಲಿ ಅಂತ."

"ಬೇರೆ ಹೆಸ್ರೇ ಸಿಗ್ಲಿಲ್ವ ಇವ್ರಿಗೆ?" ಎಂದಳು ಗಂಗಾಮಣಿ. ಶ್ವೇತಾ ಪರದೆ ತಿರುಗಿಸಿ ತೋರಿಸಿದಳು. ವೈನ್ ಎಂಬ ಇಂಗ್ಲಿಷ್ ಅಕ್ಷರ ಅಲ್ಲಿತ್ತು. ಗಂಗಾಮಣಿ ಕೂಡಿಸಿಕೊಂಡು ಓದಿದಳು. ಆದರೂ ಏಳುವ ಮುಂಚೆ ಒಮ್ಮೆ ಮೇಜಿನ ಕೆಳಗೆ ಬಗ್ಗಿ ನೋಡಿದಳು.

ಯೋಗಾನಂದ ಆಟ ಮುಚ್ಚಿ ಎದ್ದ. ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದರು. ಕಲ್ಲುಬೆಂಚಿನ ಮೇಲೆ ಕೂತಾಗ ಅವನು ಕೇಳಿದ.

"ಮನೇಲೂ ಮೂಸ್ತೀಯ?"

"ಮೂಸ್ತೀನಿ."

"ದಿನಾನಾ?"

"ದಿನಾ."

ಅವನು ತಲೆ ತಗ್ಗಿಸಿದ. "ನಾನು ಬುಟ್ಟು ಆರು ವರ್ಷ ಆಯ್ತಲ್ಲೆ."

"ನೀವು ಬುಟ್ರಿ. ನನ್ ಕೈಲಿ ಬುಡಕ್ಕಾಗ್ಲಿಲ್ಲ," ಎಂದಳು ಗಂಗಾಮಣಿ. "ಆವತ್ತೂ ನೀವು ಹಿಂಗೇ ನಗ್ತಾ ಬಂದಿದ್ರಿ. ನೀವು ನಕ್ರೆ ನಂಗೆ ಚಿನ್ನಮ್ಮನ್ ಕಾಲೇ ಕಾಣ್ತದೆ."

ಬಸ್ಸು ಬಂತು. ಅವನು ಅವಳಿಗೆ ಕಿಟಕಿ ಬಿಟ್ಟುಕೊಟ್ಟು ಪಕ್ಕದಲ್ಲಿ ಕೂತ.

ಅಲ್ಲಿಂದ ಮುಂದೆ ಅವನು ಕಂಪ್ಯೂಟರಿಗೆ ಟವೆಲ್ ಹೊದಿಸಿಟ್ಟ. ಕೆಲಸದಿಂದ ಬಂದವನೇ ಜಗಲಿಯಲ್ಲಿ ಕೂತು ರಸ್ತೆ ನೋಡುತ್ತಿದ್ದ. ಭಾನುವಾರವೂ ಮನೆಯಲ್ಲೇ ಉಳಿದ. ಗಂಗಾಮಣಿಗೆ ನಿರಾಳವಾಗಬೇಕಿತ್ತು, ಆಗಲಿಲ್ಲ. ಇಷ್ಟು ಸುಮ್ಮನಿರುವವನ ತಲೆಯಲ್ಲಿ ಏನಿದೆ ಎಂಬ ಹೊಸ ಗುಮಾನಿ ಹತ್ತಿಕೊಂಡಿತು. ಅವನು ಎಸ್ಟೇಟಿಗೆ ಹೋದಾಗ ಸೌದೆ ಕೊಟ್ಟಿಗೆ ಹುಡುಕಿದಳು, ಅಕ್ಕಿ ಡ್ರಮ್ಮಿನ ಹಿಂದೆ ಕೈಯಾಡಿಸಿದಳು. ಎಲ್ಲೂ ಏನೂ ಸಿಗಲಿಲ್ಲ. ಕೊಟ್ಟಿಗೆಯಲ್ಲೇ ಒಂದು ಬೊಡ್ಡೆಯ ಮೇಲೆ ಕೂತು, ಸಿಕ್ಕಿದ್ದರೆ ಒಂಥರ ಸಮಾಧಾನವಾಗುತ್ತಿತ್ತಲ್ಲ ಎನ್ನಿಸಿದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಒಂದು ಸಂಜೆ ಅವನು ಸ್ನಾನಕ್ಕೆ ಹೋದಾಗ ಫೋನು ಬಡಿದುಕೊಂಡಿತು. ಗಂಗಾಮಣಿ ಎತ್ತಿದಳು. ಶ್ವೇತಾ ಮಾತಾಡಿದಳು. ಏನೋ ಹೊಸ ಅಪ್‌ಡೇಟ್ ಬಂದ ಮೇಲೆ ಆ ಲಾರಿ ಆಟ ಮಧ್ಯೆ ನಿಂತುಹೋಗುತ್ತಿದೆ, ಎಲ್ಲರೂ ಯೋಗಾನಂದರನ್ನೇ ಕೇಳುತ್ತಿದ್ದಾರೆ ಎಂದಳು. ಕೊನೆಗೆ, "ನೀವೂ ಬನ್ನಿ ಅಕ್ಕ, ಬೇಜಾರು ಮಾಡ್ಕೋಬೇಡಿ," ಎಂದಳು.

ತಲೆ ಒರೆಸುತ್ತ ಬಂದವನಿಗೆ ಗಂಗಾಮಣಿ ಹೇಳಿದಳು, "ನಿಮ್ ಲಾರಿ ಪ್ಲಾಟಿನಂ ಹೋಗಿ ಗೋಲ್ಡಿಗೆ ಇಳ್ದೈತಂತೆ."

"ಇಳೀಲಿ ಬುಡು."

"ಭಾನುವಾರ ಹೋಗಣ. ನಾನೂ ಬತ್ತೀನಿ."

ಅವನು ಟವೆಲ್ ಕೈಯಲ್ಲಿ ಹಿಡಿದೇ ನಿಂತ. "ಕಾವಲಿಗಾ?"

"ಹೂಂ, ಕಾವಲಿಗೇ. ಸುಳ್ಳು ಯಾಕ್ ಹೇಳ್ಲಿ."

ಅವನು ಅವಳನ್ನೇ ನೋಡಿದ. ಅವನ ಮುಖದಲ್ಲಿ ನೋವಿತ್ತು. ಆದರೆ ಇಷ್ಟು ವರ್ಷದಲ್ಲಿ ಮೊದಲ ಸಲ ಅವಳು ಕದ್ದು ಕಾಯದೆ, ಕಾಯುತ್ತೇನೆ ಎಂದು ಮುಂಚೆಯೇ ಬಾಯಿಬಿಟ್ಟು ಹೇಳಿದ್ದಳು. "ಆಯ್ತು, ಬಾ ಹಂಗಾದ್ರೆ," ಎಂದ.

ಆ ಭಾನುವಾರ ಕೋಣೆಯಲ್ಲಿ ಜನ ಇನ್ನೂ ಹೆಚ್ಚಿದ್ದರು. ಯಾರೂ ಹಳೆಯದನ್ನು ಎತ್ತಲಿಲ್ಲ. ಅವಳು ಹೋದ ಸಲ ಲೋಟ ಮೂಸಿದ್ದ ಆ ಮುದುಕ ಸುಬ್ಬಯ್ಯ, ಮೆಣಸಿನ ವ್ಯಾಪಾರದವರು, ತಮ್ಮ ಬೆಂಚಿನಲ್ಲೇ ಜಾಗ ಮಾಡಿ ಕೂರಿಸಿಕೊಂಡರು. ಅವರಿಗೆ ಅವತ್ತು ಸಿಟ್ಟು ಬಂದಿತ್ತು.

"ನೋಡವ್ವ, ಈ ಒಂದು ಆಟದೋರು ಲಿನಕ್ಸ್ ಅಂದ್ರೆ ಸಾಕು, ಒಳೀಕೇ ಬುಡಲ್ಲ. ನಾವೆಲ್ಲ ಮೋಸ ಮಾಡಿ ಗೆಲ್ತೀವಿ ಅಂತ ಗುಮಾನಿ. ಇವ್ರಿಗೆ ಏನ್ ಹೇಳಣ ಹೇಳು."

"ಯಾರೋ ಒಬ್ರು ಮಾಡಿರ್ತಾರೆ," ಎಂದಳು ಗಂಗಾಮಣಿ.

"ಮಾಡಿರ್ಬೌದು. ನಾನು ಮಾಡಿಲ್ವಲ್ಲ."

ಅವಳು ಗಂಡನ ಕಡೆ ನೋಡಿದಳು. ಎದುರಿಗೆ ಯೋಗಾನಂದ ಪರದೆಗೆ ಬಾಗಿ ಏನೋ ಬದಲಾಯಿಸಿದ. ಲಾರಿ ಕೆಸರಿನಿಂದ ಮೇಲೆದ್ದು ಗುಡ್ಡ ಹತ್ತತೊಡಗಿತು. ಸುತ್ತ ನಿಂತವರು ಅವನ ಬೆನ್ನು ತಟ್ಟಿದರು. ಅವನು ನಗುವುದಕ್ಕೆ ಮುಂಚೆ ಒಂದು ಸಲ ತಿರುಗಿ ಅವಳ ಕಡೆ ನೋಡಿದ, ನಗಲೋ ಬೇಡವೋ ಎನ್ನುವ ಹಾಗೆ. ಗಂಗಾಮಣಿಗೆ ಎಂದಿನಂತೆ ಚಿನ್ನಮ್ಮನ ಕಾಲು ಕಂಡಿತು. ಆದರೂ ಅವಳು ಮುಖ ತಿರುಗಿಸಲಿಲ್ಲ. ಅವನು ನಕ್ಕ.

ಅಷ್ಟರಲ್ಲಿ ಆಲೂರಿನ ಕಡೆಯ ಇಬ್ಬರು ಹೊಸಬರು, ಗಂಡಹೆಂಡಿರು, ಹಳೇ ಲ್ಯಾಪ್‌ಟಾಪನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಬಾಗಿಲಲ್ಲಿ ನಿಂತರು. ಇದರಲ್ಲಿ ಏನಾದರೂ ಓಡುತ್ತದಾ ಎಂದು ಗಂಡ ಸಂಕೋಚದಿಂದ ಕೇಳಿದ. ಹೆಂಡತಿ ಒಳಗೆ ಬರದೆ ಕೋಣೆಯ ಮೂಲೆ ಮೂಲೆಯನ್ನೂ ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು.

ಗಂಗಾಮಣಿ ಬೆಂಚಿನಲ್ಲಿ ಸರಿದು ಜಾಗ ಬಿಟ್ಟಳು. "ಬಾ, ಕೂತ್ಕ," ಎಂದಳು. "ಇಲ್ಲಿಂದ ಎಲ್ಲ ಕಾಣ್ತದೆ."