ಗುಬ್ಬಿಗಳು ಆರಿಸಿಕೊಂಡ ಪಾತ್ರೆ

ನನ್ನ ಗಂಡ ಅಂಗಡಿಗಳಿಗೆ ಬೋರ್ಡ್ ಬರೆಯುವವರು. ಅವರ ಕೈಗೆ ಬ್ರಶ್ಶು ಸಿಕ್ಕರೆ ಮನೆಯಲ್ಲಿ ಯಾವುದಕ್ಕೂ ಉಳಿಗಾಲವಿಲ್ಲ. ಬಾಗಿಲು, ಬಕೆಟ್ಟು, ಒಮ್ಮೆ ಪಕ್ಕದ ಮನೆಯವರ ಸೈಕಲ್ಲು, ಎಲ್ಲಕ್ಕೂ ಬಣ್ಣ ಬಿದ್ದಿದೆ. ಅದಕ್ಕೇ ನಾನು ಒಂದೇ ಕಡೆ ಹೆಚ್ಚು ಹೊತ್ತು ಕೂರುವುದಿಲ್ಲ.

ಅತ್ತೆ ಮಾತ್ರ ಒಂದೇ ಕಡೆ ಇದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅವರು ಮಂಚ ಬಿಟ್ಟು ಇಳಿದಿರಲಿಲ್ಲ. ಮೂಳೆ ಕೂಡಿದೆ, ಈಗ ನಡೆಯದಿದ್ದರೆ ಮುಂದೆ ನಡೆಯುವುದೇ ಇಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. "ಬಿದ್ದಿದ್ದು ನಾನು, ಡಾಕ್ಟರಲ್ಲ" ಎಂದು ಅತ್ತೆ ಮುಖ ತಿರುಗಿಸಿದರು. ಊಟ, ಸ್ನಾನ, ಉಳಿದದ್ದೆಲ್ಲ ಮಂಚದ ಮೇಲೆಯೇ. ಉಳಿದದ್ದಕ್ಕೆ ಒಂದು ಸ್ಟೀಲಿನ ಬೆಡ್‌ಪ್ಯಾನ್ ಇತ್ತು, ಅದರ ಉಸ್ತುವಾರಿ ನನ್ನದು.

ಅದನ್ನು ತೊಳೆಯುವ ಬೇಸರ ಹಾಗಿರಲಿ, ಅವರು ಸುಮ್ಮನಾಗಿದ್ದೇ ನನಗೆ ಭಯ ಹುಟ್ಟಿಸಿತ್ತು. ನಾನು ಈ ಮನೆಗೆ ಕಾಲಿಟ್ಟಾಗಿನಿಂದ ನನ್ನ ಮೇಲೆ ಹರಿಹಾಯುತ್ತಿದ್ದ ಹೆಂಗಸು ಈಗ ಚಹಾ ತಣ್ಣಗಿದ್ದರೂ ಬಯ್ಯುತ್ತಿರಲಿಲ್ಲ. ಬೇಕೆಂದೇ ತಣ್ಣಗೆ ಕೊಟ್ಟು ನೋಡಿದೆ, ಕುಡಿದು ಲೋಟ ಕೆಳಗಿಟ್ಟರು.

ಒಂದು ದಿನ ಕಿಟಕಿಯತ್ತ ನೋಡುತ್ತಾ, "ಒಂದು ಗುಬ್ಬಿನಾದ್ರೂ ಬರಬಾರ್ದಾ ಈ ಕಡೆ" ಎಂದರು. ನನ್ನ ಗಂಡನಿಗೆ ಅಷ್ಟೇ ಸಾಕಾಯಿತು. ಹಲಗೆ ಕೊಯ್ದು, ಮೊಳೆ ಹೊಡೆದು, ಹಿತ್ತಲಲ್ಲಿ ಕಿಟಕಿಗೆ ಎದುರಾಗಿ ಕಾಳು ಹಾಕುವ ಪುಟ್ಟ ಮನೆಯೊಂದನ್ನು ನಿಲ್ಲಿಸಿದರು. ಹಳದಿ ಬಣ್ಣ ಬಳಿದರು. ಹಕ್ಕಿ ಬರಲಿಲ್ಲ. ಹಳದಿ ಹಿಡಿಸಲಿಲ್ಲವೇನೋ ಎಂದು ಹಸಿರು ಬಳಿದರು, ಆಮೇಲೆ ನೀಲಿ. ಕೊನೆಗೆ ನೆರಳು ಬಿಟ್ಟ ದಪ್ಪ ಅಕ್ಷರದಲ್ಲಿ 'ಹಕ್ಕಿಗಳಿಗೆ ಆದರದ ಸ್ವಾಗತ' ಎಂದು ಬರೆದರು. ಆ ಬಣ್ಣದ ವಾಸನೆಗೆ ನಮಗೇ ತಲೆ ಸಿಡಿಯುತ್ತಿತ್ತು.

"ರೀ, ಬಣ್ಣ ಆರೋಕೆ ಬಿಟ್ರೆ ತಾನೇ ಹಕ್ಕಿ ಬರೋದು?"

"ಇನ್ನೊಂದೇ ಕೋಟ್ ಕಣೇ. ಫಿನಿಶಿಂಗ್ ಬಂದಿಲ್ಲ."

ಆ ಇನ್ನೊಂದು ಕೋಟಿಗಾಗಿ, ಅಂಗಡಿಯಿಂದ ತಂದ ನುಚ್ಚಿನ ಪೊಟ್ಟಣ ಹಿಡಿದುಕೊಂಡೇ ಹಿತ್ತಲಿಗೆ ಹೋದರು. ಬ್ರಶ್ಶು ಹಿಡಿಯಲು ಕೈ ಖಾಲಿಯಾಗಬೇಕಿತ್ತು. ತೊಳೆದು ಗೋಡೆಯ ಮೇಲೆ ಒಣಗಲು ಇಟ್ಟ ಯಾವುದೋ ಪಾತ್ರೆ ಕಂಡಿತು, ನುಚ್ಚನ್ನೆಲ್ಲ ಅದಕ್ಕೆ ಸುರಿದರು. ಪಾತ್ರೆ ಯಾವುದೆಂದು ನೋಡುವ ಅಭ್ಯಾಸ ಅವರಿಗೆ ಹುಟ್ಟಿನಿಂದಲೇ ಇಲ್ಲ. ಬಣ್ಣ ಬಳಿದು, ಊಟಕ್ಕೆ ಒಳಗೆ ಬಂದರು.

ನಾವು ತಟ್ಟೆ ಮುಂದೆ ಕೂತಿದ್ದಾಗ ಒಳಗಿನಿಂದ ನಗು ಕೇಳಿಸಿತು. ಬಿದ್ದ ಮೇಲೆ ಅತ್ತೆ ನಕ್ಕದ್ದು ಅದೇ ಮೊದಲು. ಓಡಿಹೋಗಿ ನೋಡಿದರೆ, ಅಷ್ಟು ಚೆಂದದ ನೀಲಿ ಮನೆಯನ್ನು ಬಿಟ್ಟು ಗುಬ್ಬಿಗಳ ದಂಡೇ ಬೆಡ್‌ಪ್ಯಾನಿನ ಅಂಚಿನ ಮೇಲೆ ಕೂತು ಕಿತ್ತಾಡುತ್ತಿದೆ.

"ನಿನ್ನ ಗಂಡ ಬರೆದಿದ್ದನ್ನ ಅವು ಓದೇ ಇಲ್ಲ ನೋಡು" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತಾ.

ಸ್ವಲ್ಪ ಹೊತ್ತಿಗೆ ಅವರ ಮುಖ ಗಂಭೀರವಾಯಿತು. "ನನಗೆ ಹೋಗ್ಬೇಕು" ಎಂದರು. ನಾನು ಹಿತ್ತಲ ಬಾಗಿಲಿಗೆ ಕೈ ಹಾಕಿದೆ.

"ಮುಟ್ಟಬೇಡ ಅದನ್ನ. ಎಲ್ಲ ಹಾರಿ ಹೋಗ್ತಾವೆ."

"ಮತ್ತೆ ನಿಮಗೇನು ಕೊಡ್ಲಿ ಅತ್ತೆ, ಆ ನೀಲಿ ಮನೆ ತಂದುಕೊಡ್ಲಾ?"

ಅವರು ಗುಬ್ಬಿಗಳನ್ನು ನೋಡಿದರು, ನನ್ನನ್ನು ನೋಡಿದರು, ಮೂಲೆಯಲ್ಲಿ ಧೂಳು ಹಿಡಿದಿದ್ದ ವಾಕರ್ ನೋಡಿದರು. "ತಾ ಅದನ್ನ. ಹಾಳಾದವಳೇ, ಬೇಗ."

ಇಳಿದರು. ಕಾಲು ನಡುಗುತ್ತಿತ್ತು, ಬಾಯಿ ಮಾತ್ರ ನಡುಗುತ್ತಿರಲಿಲ್ಲ. ನನ್ನನ್ನು, ನನ್ನ ಗಂಡನನ್ನು, ಡಾಕ್ಟರನ್ನು ಒಬ್ಬೊಬ್ಬರನ್ನೇ ಬಯ್ಯುತ್ತಾ, ನನ್ನ ಭುಜ ಹಿಂಡುತ್ತಾ ಬಚ್ಚಲ ತನಕ ನಡೆದರು. ಕಮೋಡಿನ ಮೇಲೆ ಕೂರಿಸಿದ ಕೂಡಲೇ ನನ್ನನ್ನು ಆಚೆ ತಳ್ಳಿದರು.

"ಬಾಗಿಲು ಎಳ್ಕೋ. ಇಲ್ಲೇ ನಿಂತಿರ್ತೀಯಲ್ಲ, ನಾಚಿಕೆ ಆಗಲ್ವಾ ನಿನಗೆ? ಬೆಳಗ್ಗೆ ಕೊಟ್ಟ ಚಹಾನೂ ಐಸು."

ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅಷ್ಟು ಸಂತೋಷವಾಗಿತ್ತು. ಅಷ್ಟರಲ್ಲಿ ನನ್ನ ಗಂಡ ಬ್ರಶ್ಶು ಹಿಡಿದು ಬೆಡ್‌ಪ್ಯಾನಿನ ಕಡೆ ಹೊರಟಿದ್ದು ಕಂಡಿತು. ಹೋಗಿ ಬ್ರಶ್ಶು ಕಿತ್ತುಕೊಂಡೆ.