ಗೋಡೆಗೆ ಮುಖ ಮಾಡಿದ ಸಂತ

ಅಜ್ಜಿ ತೀರಿಕೊಂಡು ತಿಂಗಳಾಗುತ್ತ ಬಂದಿತ್ತು. ಮಣ್ಣು ಮಾಡಿದ ದಿನ ಮನೆಯ ದೇವರ ಪೀಠದ ಮೇಲೆ ತಂದಿಟ್ಟ ಹೂಗಳನ್ನು ತೆಗೆಯಲು ಯಾರಿಗೂ ಮನಸ್ಸಾಗಿರಲಿಲ್ಲ. ಸಂಜೆ ಫಾದರ್ ಪ್ರಾರ್ಥನೆಗೆ ಬರುವವರಿದ್ದರು ಅಂತ ಮೊಮ್ಮಗಳು ಒಣಗಿದ ರಾಶಿಗೆ ಕೈ ಹಾಕಿದಳು. ಅದರ ಹಿಂದೆ ಸಂತ ಅಂತೋಣಿಯ ಪ್ರತಿಮೆ ಗೋಡೆಗೆ ಮುಖ ಮಾಡಿ ನಿಂತಿತ್ತು.

"ಅಮ್ಮಾ! ಅಜ್ಜಿ ಏನೋ ಕಳ್ಕೊಂಡಿದ್ಲು!"

ಆ ಮನೆಯಲ್ಲಿ ಇದಕ್ಕೆ ಬೇರೆ ಅರ್ಥವಿರಲಿಲ್ಲ. ಕಳೆದದ್ದನ್ನು ಹುಡುಕಿಕೊಡುವ ಸಂತನಿಗೆ ಅಜ್ಜಿ ಒಂದು ಜಪಸರ ಮುಗಿಯುವವರೆಗೆ ಗಡುವು ಕೊಡುತ್ತಿದ್ದಳು. ಅಷ್ಟರಲ್ಲಿ ವಸ್ತು ಸಿಗದಿದ್ದರೆ ಅವನಿಗೆ ಗೋಡೆಯೇ ಗತಿ.

"ಅವನ ಕೈಯಲ್ಲಿ ಬಾಲಯೇಸು ಇದ್ದಾನಲ್ಲ, ಅವನಿಗೂ ಶಿಕ್ಷೆಯಾ?" ಎಂದು ಮೊಮ್ಮಗಳು ಚಿಕ್ಕವಳಿದ್ದಾಗ ಕೇಳಿದ್ದಳು.

"ಮಗೂಗೇನಾಗುತ್ತೆ? ಕಣ್ಣಿಗೆ ಬೆಳಕು ಬೀಳಲ್ಲ, ಚೆನ್ನಾಗಿ ನಿದ್ದೆ ಮಾಡುತ್ತೆ" ಅಂದಿದ್ದಳು ಅಜ್ಜಿ.

ಹಾಗಂತ ಅಜ್ಜಿಯ ಭಕ್ತಿಯನ್ನು ಯಾರೂ ಹಗುರವಾಗಿ ಕಾಣುವಂತಿರಲಿಲ್ಲ. ಜ್ವರ ಬಂದರೂ ಚರ್ಚಿನ ಬೆಳಗಿನ ಬಲಿಪೂಜೆ ತಪ್ಪಿಸಿದವಳಲ್ಲ. ಫಾದರ್ ಮುಂದೆ ಪಾಪನಿವೇದನೆ ಮುಗಿಸಿ ಬಂದು ಮಗನಿಗೆ, "ಈ ವಾರ ನನ್ನ ಹತ್ರ ಹೇಳೋಕೆ ಪಾಪಾನೇ ಇರ್ಲಿಲ್ಲ ಕಣೋ. ಬರಿಗೈಲಿ ಹೋಗೋದು ಹೇಗೆ ಅಂತ ನಿನ್ನವೆರಡು ಹೇಳಿ ಬಂದೆ" ಎನ್ನುತ್ತಿದ್ದಳು.

ಆ ಮಗ, ಬಸ್ ಓಡಿಸುವ ಮಾವ, ಈಗ ಸೊಂಟದ ಮೇಲೆ ಕೈಯಿಟ್ಟು ಸಂತನ ಬೆನ್ನು ನೋಡಿದ. "ತಿರುಗಿಸಿಬಿಡೋಣ. ಫಾದರ್ ನೋಡಿದ್ರೆ ಏನಂದ್ಕೊಂಡಾರು?"

"ಮುಟ್ಟಿದ್ರೆ ನೋಡು!" ಅಮ್ಮ ಅಡ್ಡ ಬಂದಳು. "ವಸ್ತು ಸಿಗದೆ ಬಿಡುಗಡೆ ಮಾಡಿದ್ರೆ ಅವನು ಸೋಮಾರಿ ಆಗ್ತಾನೆ ಅಂತ ಅಮ್ಮ ಹೇಳ್ತಿರ್ಲಿಲ್ವಾ?"

ಮೊಮ್ಮಗಳಿಗೆ ಫಾದರ್ ಚಿಂತೆ ಇರಲಿಲ್ಲ. ಅಂದು ರಾತ್ರಿ ಜಪಸರ ಹಿಡಿದು ಕುರ್ಚಿಯಲ್ಲಿ ಕೂತ ಅಜ್ಜಿ ಬೆಳಿಗ್ಗೆ ಎದ್ದಿರಲಿಲ್ಲ; ನೆಮ್ಮದಿಯ ಸಾವು ಎಂದು ಎಲ್ಲರೂ ಹೇಳಿದ್ದರು, ಅವಳೂ ನಂಬಿದ್ದಳು. ಏನನ್ನೋ ಹುಡುಕುತ್ತಲೇ ಹೋದಳೇ ಹಾಗಾದರೆ? ಅದು ಏನೆಂದು ತಿಳಿಯದೆ ಇನ್ನು ತನಗೆ ನಿದ್ದೆ ಹತ್ತುವುದಿಲ್ಲ ಅನ್ನಿಸಿತು.

"ಹುಡುಕೋಣ" ಎಂದಳು.

ಹುಡುಕಾಟ ಮನೆಯನ್ನು ತಲೆಕೆಳಗು ಮಾಡಿತು. ಹಾಸಿಗೆಯಡಿ ಕತ್ತರಿ ಸಿಕ್ಕಿತು. ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಅಮ್ಮನ ಮದುವೆಯ ಕಾಲದ ಒಂಟಿ ಓಲೆ ಸಿಕ್ಕಿತು. ಅದರ ಜೋಡಿಯನ್ನು ಅವಳು ಹೋದ ವರ್ಷವಷ್ಟೇ ಕರಗಿಸಿದ್ದಳು. ಸಿಕ್ಕಿದ್ದನ್ನೆಲ್ಲ ಪೀಠದ ಮುಂದೆ ಓಡಿ ತಂದು, ಸಂತನ ಬೆನ್ನಿಗೆ ಹಿಡಿದು, "ಇದಾ?" ಎಂದು ಕೇಳುತ್ತಿದ್ದರು. ಬೆನ್ನು ಏನು ಹೇಳೀತು?

ಅಕ್ಕಿ ಡಬ್ಬವನ್ನು ನೆಲಕ್ಕೆ ಸುರಿದು ಮಾವ ಒಂದು ಹಲ್ಲಿನ ಸೆಟ್ಟು ಎತ್ತಿ ಹಿಡಿದ. "ಸಿಕ್ತು! ಸಿಕ್ತು!"

"ಅದು ಹಳೇದು ಮಾವ" ಎಂದಳು ಮೊಮ್ಮಗಳು. ಅವಳು ಕೆಲಸ ಮಾಡುವುದು ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ. ಅಜ್ಜಿಯ ಹೊಸ ಸೆಟ್ಟನ್ನು ಮೇಣದಲ್ಲಿ ಕೂರಿಸಿ, ಉಜ್ಜಿ ಹೊಳಪು ಕೊಟ್ಟವಳು ಅವಳೇ. "ಹೊಸದು ಹಾಕ್ಕೊಂಡೇ ಹೋದ್ಲು. ಈ ಹಲ್ಲು ನನಗಿಂತ ಮೊದಲೇ ನಗುತ್ತೆ ಕಣೇ ಅಂತಿದ್ಲಲ್ಲ."

ಅಷ್ಟು ಸಾಕಾಯಿತು. ಅಮ್ಮ ಅಕ್ಕಿಯ ಮೇಲೇ ಕುಸಿದು ನಕ್ಕಳು. ಮಾವ ಹಲ್ಲಿನ ಸೆಟ್ಟನ್ನು ಬಾಯಿಗೆ ಅಡ್ಡ ಹಿಡಿದು, "ಮಂಗಾ, ಜಪ ಮಾಡಿದ್ಯೇನೋ?" ಎಂದು ತಾಯಿಯ ದನಿ ತೆಗೆದ. ಮೊಮ್ಮಗಳಿಗೆ ಪಕ್ಕೆ ಹಿಡಿದುಕೊಂಡಿತು. ಬಾಗಿಲು ಬಡಿದದ್ದು ಯಾರಿಗೂ ಕೇಳಲಿಲ್ಲ.

ಒಳಗೆ ಬಂದ ಫಾದರ್ ಚಿಕ್ಕ ವಯಸ್ಸಿನವರು. ಚೆಲ್ಲಿದ ಅಕ್ಕಿ ನೋಡಿದರು, ಮಾವನ ಕೈಯ ಹಲ್ಲು ನೋಡಿದರು, ಕೊನೆಗೆ ಪೀಠ ನೋಡಿದರು. ಅವರ ಮುಖ ಕೆಂಪಾಯಿತು.

"ಅಯ್ಯೋ! ಇವರಿನ್ನೂ ಹೀಗೇ ನಿಂತಿದ್ದಾರಾ?"

"ನಿಮಗೆ ಗೊತ್ತಾ ಫಾದರ್?" ಮೊಮ್ಮಗಳ ನಗು ನಿಂತಿತು.

"ಕಳ್ಕೊಂಡಿದ್ದು ನಾನಮ್ಮ." ಫಾದರ್ ದನಿ ತಗ್ಗಿಸಿದರು. "ಗುಡಿಯ ಪರಮಪ್ರಸಾದದ ಪೆಟ್ಟಿಗೆಯ ಬೀಗದ ಕೈ. ಬಿಷಪ್ಪರಿಗೆ ಗೊತ್ತಾದ್ರೆ ನನ್ನ ಗತಿ ಏನು ಅಂತ ಅಳೋ ಹಾಗಾಗಿತ್ತು. ಅವತ್ತು ಸಂಜೆ ಅಜ್ಜಿಗೆ ಮಾತ್ರ ಹೇಳ್ಕೊಂಡೆ. ನೀವು ಹೋಗಿ ಮಲ್ಕೊಳ್ಳಿ ಫಾದರ್, ಅವನನ್ನ ನಾನು ವಿಚಾರಿಸ್ಕೋತೀನಿ ಅಂದ್ರು. ಬೆಳಿಗ್ಗೆ ನನ್ನ ಶೂ ಒಳಗೇ ಸಿಕ್ತು. ಹೇಳೋಣ ಅಂತ ಓಡಿ ಬಂದೆ... ಬಾಗಿಲಲ್ಲಿ ಜನ ನಿಂತಿದ್ರು."

ಅಜ್ಜಿಯದೇನೂ ಕಳೆದಿರಲಿಲ್ಲ. ಮೊಮ್ಮಗಳ ಎದೆಯೊಳಗೆ ಏನೋ ಮೆಲ್ಲಗೆ ಸಡಿಲವಾಯಿತು.

ಮಾವ ಹಲ್ಲಿನ ಸೆಟ್ಟನ್ನು ಕೆಳಗಿಟ್ಟ. "ಅಂದ್ರೆ, ಕೆಲಸ ಮಾಡಿಕೊಟ್ಟ ಮೇಲೂ ಈ ಪುಣ್ಯಾತ್ಮ ತಿಂಗಳಿಡೀ ಸುಮ್ನೆ ಒಳಗಿದ್ನಾ?"

ಫಾದರ್ ಅವಸರದಿಂದ ಪ್ರತಿಮೆಗೆ ಕೈಚಾಚಿದರು. ಅಮ್ಮ ತಡೆದಳು. "ಇರಿ ಫಾದರ್. ನಿಮ್ಮಿಂದ ತಾನೇ ಪಾಪ ಅವರಿಗೆ ಈ ಗತಿ? ಮೊದ್ಲು ಕ್ಷಮೆ ಕೇಳಿ."

ಫಾದರ್ ಸಂತನ ಬೆನ್ನಿಗೆ ಕೈಮುಗಿದು ನಿಜಕ್ಕೂ ಕ್ಷಮೆ ಕೇಳಿದರು. ಮೊಮ್ಮಗಳು ಪ್ರತಿಮೆಯನ್ನು ಈಚೆಗೆ ತಿರುಗಿಸಿ, ಸಂತನ ಮೂಗಿನ ಮೇಲಿನ ಧೂಳನ್ನೂ ಮಗುವಿನ ಕೆನ್ನೆಯನ್ನೂ ದುಪಟ್ಟಾದಿಂದ ಒರೆಸಿದಳು.

ಎಲ್ಲರೂ ಮೊಣಕಾಲೂರಿದರು. ಪ್ರಾರ್ಥನೆಯನ್ನು ಮೂರು ಸಲ ಶುರು ಮಾಡಬೇಕಾಯಿತು. ಮೊದಲ ಸಲ ಅಮ್ಮ ಕಿಸಕ್ಕೆಂದಳು, ಎರಡನೆಯ ಸಲ ಮಾವ. ಮೂರನೆಯ ಸಲ ಮೂವರೂ ತುಟಿ ಕಚ್ಚಿಕೊಂಡು ಗಂಭೀರವಾಗಿದ್ದರು, ನಕ್ಕವರು ಫಾದರೇ.