ಬಿಡಿಸಿಕೊಂಡು ಹೋಗದ ಕನ್ನಡಕ

"ಎಡಗಡೆ ಕಡ್ಡಿ ಕಿವಿ ಹಿಂದಕ್ಕೆ ಹೋಗ್ತಾ ಇಲ್ಲ ಅಮ್ಮ," ಎಂದಳು ಮಗಳು, ಅಪ್ಪನ ತಲೆಯನ್ನು ದಿಂಬಿನಿಂದ ಒಂದಿಷ್ಟು ಎತ್ತಿ ಹಿಡಿದು.

ತಾಯಿ ಅಡುಗೆಮನೆಯ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ಕನ್ನಡಕ ಹಾಕಿದ ಮೇಲೆ ಕರಿ, ಅಲ್ಲಿಯವರೆಗೆ ನಾನು ನೋಡುವುದಿಲ್ಲ ಎಂದು ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು. ಹಿಂದಿನ ದಿನ ಆಸ್ಪತ್ರೆಯಲ್ಲಿ ಬಟ್ಟೆ ಸರಿಸಿ ಮುಖ ತೋರಿಸಿದಾಗ, ಇವರು ನಮ್ಮವರಲ್ಲ ಎಂದು ಹೊರಗೆ ಬಂದುಬಿಟ್ಟಿದ್ದಳು. ನರ್ಸು ಕೈಗೆ ಕಟ್ಟಿದ್ದ ಹೆಸರಿನ ಚೀಟಿ ತೋರಿಸಬೇಕಾಯಿತು. ಮೂವತ್ತೆಂಟು ವರ್ಷ ಸಂಸಾರ ಮಾಡಿದವಳು ಗಂಡನನ್ನು ಬೆಳಕಿನಲ್ಲಿ ಕನ್ನಡಕವಿಲ್ಲದೆ ನೋಡಿದ್ದೇ ಅಪರೂಪ. ದೀಪ ಆರಿಸಿದ ಮೇಲೆ ತೆಗೆಯುತ್ತಿದ್ದ, ಅವಳು ಏಳುವ ಮೊದಲೇ ಹಾಕಿಕೊಂಡಿರುತ್ತಿದ್ದ. ಆಸ್ಪತ್ರೆಯಿಂದ ಬಂದಾಗಿನಿಂದ ಅವಳಿಗೆ ಅಳು ಬಂದಿರಲಿಲ್ಲ. ಯಾರದೋ ಮನೆಯ ಸಾವಿಗೆ ಬಂದು ಕೆಲಸಕ್ಕೆ ನಿಂತವಳ ಹಾಗೆ ಲೋಟ ತೊಳೆಯುತ್ತಿದ್ದಳು, ಬಂದವರಿಗೆ ಕುರ್ಚಿ ಸಾಲುತ್ತದೋ ಇಲ್ಲವೋ ಎಂದು ನೋಡುತ್ತಿದ್ದಳು.

ಕಡ್ಡಿ ಕೊನೆಗೂ ಕೂತಿತು. ಅವಳು ತಿರುಗಿದಳು. ದಪ್ಪ ಕಂದು ಫ್ರೇಮಿನ ಹಿಂದೆ ಗಂಡ ಇದ್ದ. ಹೀಗೇ ಕಳಿಸಬೇಕು, ಯಾರೂ ತೆಗೆಯಕೂಡದು ಎಂದಳು. ಅವಳ ತಮ್ಮ, ಗಾಡಿಯವನಿಗೆ ಮೂರು ಗಂಟೆಗೆ ಹೇಳಿದ್ದವನು, ಆಗಲಿ ಅಕ್ಕ ಎಂದ.

ಹನ್ನೊಂದರ ಹೊತ್ತಿಗೆ ಟೈಲರಮ್ಮ ಬಂದಳು. ಗಂಡನ ಕನ್ನಡಕದಂಗಡಿಯಿದ್ದ ಬೀದಿಯಲ್ಲೇ ಅವಳ ಹೊಲಿಗೆಯಂಗಡಿ. ಬೇರೆಯವರು ಕೈಮುಗಿದು, ಎರಡು ನಿಮಿಷ ತಲೆ ತಗ್ಗಿಸಿ ಕೂತು, ಗಡಿಯಾರ ನೋಡಿ ಎದ್ದುಹೋದರು. ಇವಳು ತಲೆಯ ಹತ್ತಿರ ಕೂತವಳು ಏಳಲಿಲ್ಲ. ಒಂದು ಗಂಟೆಯಾಯಿತು. ಹೆಣದ ಮುಖವನ್ನು ಎವೆಯಿಕ್ಕದೆ ನೋಡುತ್ತಿದ್ದಳು. ಸಾವಿನ ಮನೆಯಲ್ಲೂ ಕೆಲವರ ನಾಲಗೆಗೆ ಬಿಡುವಿರುವುದಿಲ್ಲ. ಭಾವನಿಗೂ ಈ ಯಮ್ಮನಿಗೂ ಏನು ಎಂದು ತಮ್ಮ ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿದ. ಅಕ್ಕನಿಗೂ ಅದು ಕೇಳಿಸಿತು. ಬೇರೆ ದಿನವಾಗಿದ್ದರೆ ಅವಳಿಗೆ ಸಿಟ್ಟು ಬರುತ್ತಿತ್ತು.

ಕೊನೆಗೆ ಟೈಲರಮ್ಮನೇ ಎದ್ದು ಅಡುಗೆಮನೆಗೆ ಬಂದಳು.

"ತಪ್ಪು ತಿಳ್ಕೋಬೇಡಿ ಅಮ್ಮಾ. ಅವರು ಹಾಕ್ಕೊಂಡಿರೋ ಫ್ರೇಮು ನಮ್ಮನೆಯವರದು."

*

ಬೀದಿಯ ಹುಡುಗರು ಕನ್ನಡಕದಂಗಡಿಯವನನ್ನು ನೆಟ್ಟಗಪ್ಪ ಎನ್ನುತ್ತಿದ್ದರು. ಅಂಗಡಿಗೆ ಬಂದವರಿಗೆಲ್ಲ ಗಲ್ಲ ಹಿಡಿದು "ನೆಟ್ಟಗೆ ನೋಡಿ" ಎನ್ನುವುದು ಅವನ ಅಭ್ಯಾಸ. ರಿಪೇರಿಗೆ ಕೊಟ್ಟು ಬಿಡಿಸಿಕೊಂಡು ಹೋಗದ ಕನ್ನಡಕಗಳಿಗೆ ಅವನ ಬಳಿ ಒಂದು ಡ್ರಾಯರ್ ಇತ್ತು. ಡಬ್ಬಿಯಲ್ಲಿ ಮಲಗಿಸಿದ ಕನ್ನಡಕ ಕೆಡುತ್ತದೆ, ತಿರುಪು ತುಕ್ಕು ಹಿಡಿಯುತ್ತದೆ, ಕಡ್ಡಿ ಬಿಗಿಯುತ್ತದೆ ಎಂಬುದು ಅವನ ವಾದ. ಅದಕ್ಕೇ ಬರಿ ಫ್ರೇಮು ಉಳಿದಿದ್ದರೆ ಅದಕ್ಕೆ ತನ್ನ ನಂಬರಿನ ಗಾಜು ಉಜ್ಜಿ ಕೂರಿಸಿ ತಾನೇ ಹಾಕಿಕೊಳ್ಳುವನು. ಅದರ ಯಜಮಾನ ಬಂದರೆ ಮುಖದಿಂದ ತೆಗೆದು ಒರೆಸಿ ಕೊಡುವನು. ಗಿರಾಕಿಗಳು ನಗುತ್ತಿದ್ದರು, ಕೆಲವರು ಬೈಯುತ್ತಲೂ ಇದ್ದರು.

ಎರಡು ವರ್ಷದ ಹಿಂದೆ ಟೈಲರಮ್ಮ ಒಂದು ಕಂದು ಫ್ರೇಮು ತಂದಳು. ಗಾಜು ಒಡೆದಿತ್ತು, ಕಡ್ಡಿ ಮುರಿದಿತ್ತು.

"ಯಾರಿಗೆ ಇದು? ನಂಬರ್ ಹೇಳಿ," ಎಂದು ಅವನು ಕೇಳಿದ.

"ಯಾರಿಗೂ ಅಲ್ಲ. ಅವರು ಹೋಗಿ ಹದಿನೈದು ದಿನ ಆಯ್ತು. ಸುಮ್ನೆ ಇಟ್ಕೊಳ್ಳೋಕೆ."

ಅವನು ಅದಕ್ಕೆ ಹೆಸರಿನ ಚೀಟಿ ಕಟ್ಟಿ ಒಳಗಿಟ್ಟ.

*

ಭಾವನ ಅಂಗಡಿಗೆ ಹೋಗಿ ಆ ಡ್ರಾಯರನ್ನೇ ಕಿತ್ತು ತಂದವನು ತಮ್ಮ. ಒಂದಾದರೂ ಭಾವನದು ಇರಬೇಕು, ಅದನ್ನು ಹಾಕಿ ಇದನ್ನು ಕೊಟ್ಟುಬಿಡೋಣ ಎಂಬುದು ಅವನ ಲೆಕ್ಕ. ಮಗಳು ಒಂದೊಂದಾಗಿ ಎತ್ತಿ ನೋಡಿದಳು. ಪ್ರತಿಯೊಂದಕ್ಕೂ ದಾರದಲ್ಲಿ ಚೀಟಿ, ಚೀಟಿಯ ಮೇಲೆ ಅಪ್ಪನ ದುಂಡು ಅಕ್ಷರದಲ್ಲಿ ಇನ್ಯಾರದೋ ಹೆಸರು. ಊರಿಗೆಲ್ಲ ಕಣ್ಣು ಕೊಟ್ಟವನಿಗೆ ತನ್ನದೆನ್ನುವ ಒಂದು ಕನ್ನಡಕ ಇರಲಿಲ್ಲ.

"ಯಾವುದಾದ್ರೂ ಒಂದು ಹಾಕು. ಸತ್ತೋರು ಎದ್ದು ಬಂದು ಕೇಳ್ತಾರಾ?" ಎಂದ ತಮ್ಮ.

"ಬದುಕಿರೋರು ಬಂದು ಕೇಳಿದ್ರಲ್ಲೋ," ಎಂದಳು ಅಕ್ಕ. ಆಮೇಲೆ ಟೈಲರಮ್ಮನ ಕಡೆ ತಿರುಗಿ, ಎರಡು ವರ್ಷ ಯಾಕೆ ಬಿಡಿಸಿಕೊಂಡು ಹೋಗಲಿಲ್ಲ ಎಂದು ಕೇಳಿದಳು.

ಟೈಲರಮ್ಮ ಸೆರಗಿನ ಅಂಚನ್ನು ಮಡಿಸಿದಳು, ಬಿಡಿಸಿದಳು.

"ದಿನಾ ಅಂಗಡಿ ಮುಂದೆ ಹಾದು ಹೋಗ್ತಿದ್ದೆ. ಇವರ ಮುಖದ ಮೇಲೆ ಅದು ಪೇಪರ್ ಓದ್ತಿತ್ತು, ಕಾಫಿ ಕುಡೀತಿತ್ತು, ಯಾರಿಗೋ ಬೈತಿತ್ತು. ಮನೆಗೆ ತಂದ್ರೆ ಬೀರುವಲ್ಲಿ ಇರುತ್ತೆ ಅಷ್ಟೆ." ಬೇಡ, ಹಾಗೇ ಇರಲಿ, ನಾನು ಕೇಳಬಾರದಿತ್ತು ಎಂದು ಚಪ್ಪಲಿಯ ಕಡೆ ಹೊರಟಳು.

"ನಿಲ್ಲಿ," ಎಂದಳು ತಾಯಿ.

ಮಗಳು ಮುಂದೆ ಬಂದಳು, ತಾಯಿ ಬೇಡವೆಂದು ಕೈ ಅಡ್ಡ ಹಿಡಿದಳು. ಗಂಡನ ಪಕ್ಕದಲ್ಲಿ ಮಂಡಿಯೂರಿ ಕೂತಳು. ಕಣ್ಣು ಮುಚ್ಚಿಕೊಂಡೇ ಎರಡೂ ಕಡ್ಡಿ ಹಿಡಿದು ಕನ್ನಡಕವನ್ನು ಮೇಲೆತ್ತಿದಳು. ಸೆರಗಿನಿಂದ ಒರೆಸಿ, ಹಿಂದೆ ತಿರುಗದೆ ಕೈ ಚಾಚಿದಳು.

ಗಾಜು ನಿಮ್ಮವರದು, ಬಿಚ್ಚಿಸಿ ತಂದುಕೊಡಲೇ ಎಂದು ಟೈಲರಮ್ಮ ಕೇಳಿದಳು.

"ಅದರಲ್ಲೇ ಇರ್ಲಿ."

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಅವಳು ಕಣ್ಣು ಬಿಟ್ಟಳು. ಸಣ್ಣ ಕಣ್ಣಿನ, ಎಳಸಾದ ರೆಪ್ಪೆಯ, ಗುರುತಿಲ್ಲದ ಆ ಮುಖವನ್ನು ಬಹಳ ಹೊತ್ತು ನೋಡಿದಳು. ಮೂಗಿನ ಎರಡೂ ಬದಿಯಲ್ಲಿ ಕಡಲೆಬೇಳೆಯಷ್ಟಗಲದ ಎರಡು ಕುಳಿಗಳಿದ್ದವು. ನಲವತ್ತು ವರ್ಷ ಯಾರ್ಯಾರದೋ ಕನ್ನಡಕಗಳು ಕೂತು ಕೂತು ಆದವು. ಚರ್ಮ ಅಲ್ಲಿ ನುಣುಪಾಗಿ ಹೊಳೆಯುತ್ತಿತ್ತು.

ಹೆಬ್ಬೆರಳು, ತೋರುಬೆರಳನ್ನು ಅವಳು ಆ ಎರಡು ಕುಳಿಗಳಲ್ಲಿಟ್ಟಳು. ಅಳತೆ ತೆಗೆದಂತೆ ಸರಿಯಾಗಿ ಕೂತವು. ಎತ್ತಲು ಬಂದ ನಾಲ್ವರು ಬಾಗಿಲಲ್ಲಿ ನಿಂತು ಕಾದರು. ಅವಳು ಕೈ ತೆಗೆಯಲಿಲ್ಲ.